ಗಂಡನ ಹೆಸರಿನ ಜೊತೆಗೆ ತನ್ನ ಮಾತನ್ನೂ ಉಳಿಸಿಕೊಂಡ ಲಕ್ಕಮ್ಮ



ಮದ್ದಿಕೇರ, ಆದೋನಿ ಕಡೆಯ ಮದುವೆ ಮನೆಗಳಲ್ಲಿ ಹಿರಿಯರು ಹುಡುಗಿಗೆ ಒಂದು ಬುದ್ಧಿಮಾತು ಹೇಳುವುದುಂಟು: "ಗಂಡ ಹೇಳಿದಂಗ ಕೇಳಿಕೊಂಡು ಹೋಗವ್ವ." ಅದರಲ್ಲಿ ಪ್ರೀತಿಯೇನೋ ಇದೆ. ಆದರೆ ಶಾಲೆಯಲ್ಲಿ ಕಲಿತದ್ದನ್ನು, ತನಗೆ ಸರಿ ಎನಿಸಿದ್ದನ್ನು ಆ ಹುಡುಗಿ ಏನು ಮಾಡಬೇಕು? ಗಂಡನನ್ನು ಪ್ರೀತಿಸುತ್ತಲೇ ತಾನು ತಾನಾಗಿ ಉಳಿಯಲು ಸಾಧ್ಯವಿಲ್ಲವೇ? 12ನೇ ಶತಮಾನದ ಇಬ್ಬರು ಶರಣೆಯರು ಈ ಪ್ರಶ್ನೆಗೆ ಎರಡು ಬೇರೆ ಉತ್ತರ ಕೊಟ್ಟಿದ್ದಾರೆ.

ಮೊದಲನೆಯವಳು ಅಕ್ಕಮಹಾದೇವಿ. ಹರಿಹರನ ರಗಳೆಯ ಪ್ರಕಾರ ಅವಳು ಷರತ್ತು ಹಾಕಿ ಕೌಶಿಕನನ್ನು ಮದುವೆಯಾದಳು. ಅವನು ಮಾತು ತಪ್ಪಿದಾಗ ಅರಮನೆ ಬಿಟ್ಟು ಹೊರಟಳು. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಮದುವೆಯೇ ನಡೆಯುವುದಿಲ್ಲ. ಎರಡರಲ್ಲೂ ಅವಳು ಅರಸನಿಗಾಗಿ ತನ್ನನ್ನು ಬಿಟ್ಟುಕೊಡಲಿಲ್ಲ. ಅವಳು ಕೊನೆಗೆ ಸೇರಿದ ಶ್ರೀಶೈಲ ನಮಗೆ ದೂರದ್ದಲ್ಲ. 2022ರವರೆಗೆ ನಮ್ಮ ಕರ್ನೂಲು ಜಿಲ್ಲೆಯಲ್ಲೇ ಇತ್ತು, ಈಗ ನಂದ್ಯಾಲ ಜಿಲ್ಲೆಗೆ ಸೇರಿದೆ.

ಆದರೆ ಎಲ್ಲರೂ ಮನೆ ಬಿಟ್ಟು ಹೋಗಲಾರರು, ಹೋಗಬೇಕಾಗಿಯೂ ಇಲ್ಲ. ಅಂಥವರಿಗೆ ಇನ್ನೊಬ್ಬಳ ಕಥೆ ಇದೆ.

ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯ ದಂಪತಿ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದವರು. ನಮ್ಮ ಕಡೆಯಿಂದ ತುಂಗಭದ್ರೆ ದಾಟಿದರೆ ಆ ಜಿಲ್ಲೆಯೇ ಸಿಗುತ್ತದೆ. ಇಬ್ಬರೂ ಬಸವಣ್ಣನ ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ ಹೋಗಿ ನೆಲೆಸಿದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ.

15ನೇ ಶತಮಾನದಲ್ಲಿ ಹುಟ್ಟಿದ ಶೂನ್ಯಸಂಪಾದನೆಯ ಪರಂಪರೆ ಇವರ ಕಥೆಯನ್ನು ಹೀಗೆ ಹೇಳುತ್ತದೆ. ಒಂದು ದಿನ ಮಾರಯ್ಯ ಶರಣರ ಗೋಷ್ಠಿಯಲ್ಲಿ ಮೈಮರೆತು ಕೂತ. ಕಾಯಕದ ಹೊತ್ತು ಮೀರುತ್ತಿದೆ ಎಂದು ಲಕ್ಕಮ್ಮ ನೆನಪಿಸಿದಳು. ಅವನು ಅವಸರವಾಗಿ ಹೋಗಿ ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದ. ಮನೆಯಲ್ಲಿ ಬಡತನವಿದ್ದರೂ ಅವಳು ಹಿಗ್ಗಲಿಲ್ಲ. ಇದು ನಮಗೆ ಬೇಕಾದ್ದಕ್ಕಿಂತ ಹೆಚ್ಚು, ಆಸೆ ಶರಣರಿಗೆ ಸಲ್ಲದು, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದಳು. ಮಾರಯ್ಯ ಹೆಂಡತಿಯ ಮೇಲೆ ರೇಗಲಿಲ್ಲ, ಅಕ್ಕಿ ಹಿಂದಕ್ಕೆ ಒಯ್ದ.

ಇಲ್ಲಿ ಒಂದು ಸಂಗತಿ ಗಮನಿಸಿ. ಲಕ್ಕಮ್ಮನ 25 ವಚನಗಳು ದೊರೆತಿವೆ. ಅವಳ ಅಂಕಿತ 'ಮಾರಯ್ಯಪ್ರಿಯ ಅಮಲೇಶ್ವರಲಿಂಗ'. ಗಂಡನ ಹೆಸರು ಅವಳ ಸಹಿಯೊಳಗೇ ಇದೆ! ಆದರೆ ಅದೇ ಸಹಿಯ ಕೆಳಗೆ ಅವಳು ಗಂಡನ ತಪ್ಪನ್ನೂ ಹೇಳಿದ್ದಾಳೆ. ಅವಳಿಗೆ ಒಲವು ಬೇರೆ, ವಿಧೇಯತೆ ಬೇರೆ.

ಇದರಿಂದ ಮಾರಯ್ಯ ಚಿಕ್ಕವನಾದನೇ? ಇಲ್ಲ. ನಮ್ಮ ಎಷ್ಟೋ ಶಾಲೆಗಳ ಗೋಡೆಯ ಮೇಲೆ ಕಾಯಕವನ್ನು ಕೈಲಾಸವೆನ್ನುವ ಮಾತು ಬರೆದಿರುತ್ತದೆ. ಹಲವರು ಅದು ಬಸವಣ್ಣನ ಮಾತು ಅಂದುಕೊಂಡಿದ್ದಾರೆ. ಅದು ಇರುವುದು ಇದೇ ಮಾರಯ್ಯನ ವಚನದಲ್ಲಿ. ಹೆಂಡತಿ ಕಾಯಕ ನೆನಪಿಸಿದಾಗ ಕಿವಿಗೊಟ್ಟು ಎದ್ದು ಹೋದವನ ಮಾತು ಅದು.

ಆದ್ದರಿಂದ ಹೆಣ್ಣುಮಕ್ಕಳಿಗೆ ಲಕ್ಕಮ್ಮನ ಕಥೆ ಹೇಳುವಾಗ ಗಂಡುಮಕ್ಕಳಿಗೆ ಮಾರಯ್ಯನ ಕಥೆಯನ್ನೂ ಹೇಳೋಣ. ಹೇಳುವವಳು ಇದ್ದರೆ ಸಾಲದು, ಕೇಳುವವನೂ ಬೇಕು. ಮುಂದಿನ ಸಲ ಮದುವೆ ಮನೆಯಲ್ಲಿ ಹುಡುಗಿಗೆ ಬುದ್ಧಿ ಹೇಳುವ ಮುಂಚೆ ಹುಡುಗನಿಗೂ ಒಂದು ಮಾತು ಹೇಳಿ: "ಹೆಂಡತಿ ಹೇಳಿದ್ದನ್ನೂ ಒಂಚೂರು ಕೇಳಪ್ಪ."