ಪ್ರೊಜೆಸ್ಟೆರಾನ್ ಕ್ರೀಮ್ ಮತ್ತು ಗರ್ಭಕೋಶದ ಗಡ್ಡೆ

ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಫೈಬ್ರಾಯ್ಡ್ ಗಡ್ಡೆಗಳನ್ನು ಕುಗ್ಗಿಸಲೆಂದು ಕೆಲವರು ಚರ್ಮಕ್ಕೆ ಹಚ್ಚಿಕೊಳ್ಳುವ ಹಾರ್ಮೋನ್ ಲೇಪವೇ ಪ್ರೊಜೆಸ್ಟೆರಾನ್ ಕ್ರೀಮ್. ಒಳತೋಳು, ತೊಡೆ, ಹೊಟ್ಟೆ ಹೀಗೆ ಜಾಗ ಬದಲಿಸುತ್ತ ತಿಕ್ಕುವುದು ರೂಢಿ. 1990ರ ದಶಕದಲ್ಲಿ ಅಮೆರಿಕದ ವೈದ್ಯ ಜಾನ್ ಆರ್. ಲೀ ಇದಕ್ಕೆ ಪ್ರಚಾರ ಕೊಟ್ಟರು. ಈಸ್ಟ್ರೋಜೆನ್ ಮೇಲುಗೈಯಾದಾಗ ಗಡ್ಡೆ ಬೆಳೆಯುತ್ತದೆ, ಪ್ರೊಜೆಸ್ಟೆರಾನ್ ಅದನ್ನು ಹತ್ತಿಕ್ಕುತ್ತದೆ ಎಂಬುದು ಅವರ ವಾದ.

ವಾದ ಕೇಳಲು ಚೆನ್ನ. ಆದರೆ ಗಡ್ಡೆಯ ಸ್ವಭಾವವೇ ಬೇರೆ. ಈಸ್ಟ್ರೋಜೆನ್ ಗಡ್ಡೆಯ ಕೋಶಗಳಲ್ಲಿ ಪ್ರೊಜೆಸ್ಟೆರಾನನ್ನು ಹಿಡಿದುಕೊಳ್ಳುವ ಗ್ರಾಹಕಗಳನ್ನು ಹೆಚ್ಚಿಸುತ್ತದೆ. ಅವುಗಳ ಮೂಲಕ ಪ್ರೊಜೆಸ್ಟೆರಾನ್ ಬೆಳವಣಿಗೆಗೆ ಕುಮ್ಮಕ್ಕು ಕೊಡುತ್ತದೆ. ಆ ಗ್ರಾಹಕಗಳನ್ನು ತಡೆಯುವ ಮಿಫೆಪ್ರಿಸ್ಟೋನ್ ಎಂಬ ಔಷಧ ಗಡ್ಡೆಯನ್ನು ಕುಗ್ಗಿಸುತ್ತದೆ ಎಂಬುದೇ ಒಳ್ಳೆಯ ಸಾಕ್ಷಿ. ಕ್ರೀಮಿನ ಪರವಾಗಿ ಗಟ್ಟಿ ಪ್ರಯೋಗಗಳಿಲ್ಲ. ಮುಟ್ಟು ನಿಂತ ಮೇಲೆ ಗಡ್ಡೆ ಸಾಮಾನ್ಯವಾಗಿ ತಾನಾಗಿಯೇ ಕುಗ್ಗುವುದರಿಂದ, ಆ ವಯಸ್ಸಿನಲ್ಲಿ ಹಚ್ಚಿದವರು ಶ್ರೇಯಸ್ಸನ್ನು ಡಬ್ಬಿಗೆ ಕೊಡುವುದುಂಟು.

‘ಕಾಡುಗೆಣಸಿನ ಕ್ರೀಮ್’ ಇನ್ನೊಂದೇ ಸರಕು: ಗೆಣಸಿನಲ್ಲಿರುವ ಡಯೋಸ್ಜೆನಿನ್ ಎಂಬ ಅಂಶ ಪ್ರೊಜೆಸ್ಟೆರಾನ್ ಆಗಲು ಪ್ರಯೋಗಾಲಯ ಬೇಕು, ದೇಹಕ್ಕೆ ಅದು ಸಾಧ್ಯವಿಲ್ಲ.

ಗರ್ಭಕೋಶದೊಳಗೆ ಇಡುವ ಲೆವೊನಾರ್ಜೆಸ್ಟ್ರೆಲ್ ಸಾಧನದಲ್ಲಿರುವುದೂ ಪ್ರೊಜೆಸ್ಟೆರಾನ್ ವರ್ಗದ ಕೃತಕ ಹಾರ್ಮೋನು. ಅದು ಒಳಪದರವನ್ನು ತೆಳುವಾಗಿಸಿ ಅತಿಸ್ರಾವ ತಗ್ಗಿಸುತ್ತದೆ. ಆದರೆ ಅದು ಗಡ್ಡೆಯನ್ನು ಕರಗಿಸುತ್ತದೆ ಎಂಬ ಭರವಸೆಯನ್ನು ವೈದ್ಯರು ಕೊಡುವುದಿಲ್ಲ.