ಸಲೋನ್

ನಮ್ಮ ಊರುಗಳಲ್ಲಿ ‘ಸೆಲೂನು’ ಎಂದೊಡನೆ ಕತ್ತರಿಯ ಸಪ್ಪಳವೂ ಗೋಡೆಗನ್ನಡಿಯೂ ಕಣ್ಣಮುಂದೆ ನಿಲ್ಲುವುವಾದರೂ, ಇಂಗ್ಲಿಷಿನ ಮೂಲಕ ನಮ್ಮನ್ನು ಸೇರಿದ ಈ ಶಬ್ದದ ತವರು ಫ್ರಾನ್ಸಿನ ‘ಸಲೋನ್’. ಅದಕ್ಕೂ ಹಿಂದೆ ಇಟಲಿಯ ‘ಸಲೋನೆ’, ಎಂದರೆ ದೊಡ್ಡ ಹಜಾರ. ಹಜಾರದ ಹೆಸರು ಅಲ್ಲಿ ನೆರೆಯುವ ರಸಿಕರ ಕೂಟಕ್ಕೂ ಸಂದುದು 19ನೆಯ ಶತಮಾನದ ಆದಿಯಲ್ಲಿ. ಆದುದರಿಂದ, ಇಂದು ಸಲೋನಿನ ಒಡತಿಯೆಂದು ನಾವು ಕರೆಯುವ, ಫ್ರೆಂಚ್ ಮಹಾಕ್ರಾಂತಿಯ ಕಾಲದ ಮದಾಂ ರೋಲಾಂ ತನ್ನ ಕೂಟವನ್ನು ಆ ಹೆಸರಿನಿಂದ ಕರೆದಿರಲಾರಳು.

ಕೆತ್ತನೆಗಾರನೊಬ್ಬನ ಮಗಳಾಗಿ 1754ರಲ್ಲಿ ಪ್ಯಾರಿಸಿನಲ್ಲಿ ಜನಿಸಿದ ಈಕೆಯ ಬಿಡಾರದಲ್ಲಿ, 1791ರಲ್ಲಿ, ಬ್ರಿಸ್ಸೋ, ಪೆತಿಯೋಂ, ರೋಬೆಸ್ಪಿಯೇರ್ ಮೊದಲಾದ ಕ್ರಾಂತಿಯ ಮುಂದಾಳುಗಳು ವಾರಕ್ಕೆ ನಾಲ್ಕು ಸಂಜೆ ಕೂಡಿ ರಾಜ್ಯದ ಭವಿಷ್ಯವನ್ನು ಚರ್ಚಿಸುತ್ತಿರಲು, ಆಕೆ ಮಾತ್ರ ಗಂಡಸರ ವರ್ತುಲದ ಹೊರಗೆ, ಸಣ್ಣ ಮೇಜೊಂದರ ಬಳಿ, ಹೊಲಿಗೆಯನ್ನೋ ಕಾಗದವನ್ನೋ ಹಿಡಿದು ಕುಳಿತಿರುತ್ತಿದ್ದಳು. ಒಂದು ಮಾತೂ ಕಿವಿತಪ್ಪುತ್ತಿರಲಿಲ್ಲ; ತನ್ನ ಮಾತನ್ನು ಒಮ್ಮೊಮ್ಮೆ ತುಟಿಕಚ್ಚಿ ತಡೆಯಬೇಕಾಗುತ್ತಿತ್ತೆಂದು ನೆನಪುಗಳ ಗ್ರಂಥದಲ್ಲಿ ತಾನೇ ಹೇಳಿಕೊಂಡಿರುವಳು. ಈ ಮೌನವನ್ನು ವಿನಯವೆಂದು ನಾನಂತೂ ಎಣಿಸಲಾರೆ. ಮರುವರ್ಷ ಗಂಡನು ಗೃಹಮಂತ್ರಿಯಾದಾಗ, ದೊರೆ ಹದಿನಾರನೆಯ ಲೂಯಿಗೆ ಆತನ ಹೆಸರಿನಲ್ಲಿ ಹೋದ ನಿಷ್ಠುರಪತ್ರವನ್ನು ರಚಿಸಿದ ಲೇಖನಿ ಆಕೆಯದೇ. ಅದರಿಂದ ಗಂಡನ ಪದವಿ ಹೋಯಿತು. ಕ್ರಾಂತಿಯ ಉಗ್ರದಿನಗಳಲ್ಲಿ, 1793ರ ನವೆಂಬರ್ 8ರಂದು, ಆಕೆಯೂ ಗಿಲೊಟಿನ್ನಿಗೆ ತಲೆಯೊಡ್ಡಿದಳು.

ಸಲೋನನ್ನು ಕನ್ನಡದಲ್ಲಿ ‘ಗೋಷ್ಠಿ’ ಎನ್ನೋಣವೆಂದರೆ, ನಮ್ಮ ಗೋಷ್ಠಿಗಳಿಗೆ ಅಧ್ಯಕ್ಷರುಂಟು, ವಂದನಾರ್ಪಣೆಯುಂಟು. ‘ಜಗುಲಿ’ ಎನ್ನೋಣವೆಂದರೆ ಅಲ್ಲಿಯ ಹರಟೆಗೆ ಒಡತಿಯಿಲ್ಲ. ‘ಸಲೋನ್’ ಎಂದೇ ಬರೆಯುವುದು ಮೇಲು. ಅಚ್ಚಿಗೆ ಅಕ್ಷರ ಜೋಡಿಸುವವರು ಅದನ್ನು ಕ್ಷೌರದಂಗಡಿಯಾಗಿ ತಿದ್ದದಂತೆ ಕರಡಿನಲ್ಲಿ ಕಣ್ಣಿಟ್ಟರೆ ಆಯಿತು.