ಲಾಲ್‌ಬಾಗ್ ಹಾಳು ಬಿದ್ದಿದ್ದ ಕಾಲ

ಕಳೆದ ವಾರ ಬೆಂಗಳೂರಿಗೆ ಮಗಳ ಮನೆಗೆ ಹೋದವ ಎರಡು ಬೆಳಿಗ್ಗೆ ಲಾಲ್‌ಬಾಗಿನಲ್ಲೇ ಕಳೆದೆ. ಇಷ್ಟು ಚಂದದ ತೋಟವೂ ಒಂದು ಕಾಲದಲ್ಲಿ ಕೇಳುವವರಿಲ್ಲದೆ ಬಿದ್ದಿತ್ತು ಅಂದರೆ ಅಳಿಯ ನಂಬಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

1760ರಲ್ಲಿ ಹೈದರಾಲಿ ಶುರು ಮಾಡಿದ್ದು ಸುಮಾರು 40 ಎಕ್ರೆ. ಟಿಪ್ಪು ದೂರದ ದೇಶಗಳಿಂದ ಗಿಡ, ಬೀಜ ತರಿಸಿ ಬೆಳೆಸಿದ. 1799ರಲ್ಲಿ ಟಿಪ್ಪು ಸತ್ತ. ಮರುವರ್ಷವೇ ಫ್ರಾನ್ಸಿಸ್ ಬುಕಾನನ್ ಎಂಬ ಕಂಪೆನಿಯ ಡಾಕ್ಟರ್ ಬೆಂಗಳೂರಿಗೆ ಬಂದ. ಇದೇ ಮನುಷ್ಯ 1801ರಲ್ಲಿ ನಮ್ಮ ಬಂಟ್ವಾಳ, ಮೂಡುಬಿದಿರೆ ಕಡೆಗೂ ಬಂದಿದ್ದ. ಅವ ಬರೆದಿಟ್ಟದ್ದು ಓದಿದರೆ ತೋಟ ಕಣ್ಣಿಗೆ ಕಟ್ಟುತ್ತದೆ: ಚೌಕ ಚೌಕದ ಮಡಿ, ನಡುವೆ ದಾರಿ, ದಾರಿಯ ಬದಿಗೆ ಸೈಪ್ರಸ್ ಮರ. ಒಂದು ಚೌಕದಲ್ಲಿ ಬರೀ ಗುಲಾಬಿ, ಇನ್ನೊಂದರಲ್ಲಿ ಬರೀ ದಾಳಿಂಬೆ. ಆದರೆ ಆರೈಕೆ ಸಾಲದು, ಮೊದಲು ಚೆನ್ನಾಗಿತ್ತೆಂದು ಜನ ಹೇಳುತ್ತಾರೆ ಅಂತಲೂ ಬರೆದಿದ್ದಾನೆ. ಒಂದೇ ವರ್ಷ ಮಾರಾಯ್ರೆ!

ದೊಡ್ಡ ಕೊರತೆ ನೀರಿನದ್ದಂತೆ. ಟಿಪ್ಪುವಿನ ತೋಟಕ್ಕೆ ಮೂರು ಬಾವಿ, ನೀರೆತ್ತಲಿಕ್ಕೆ ಕಪಿಲೆ. ನಮ್ಮಲ್ಲಿ ಏತ ಇದ್ದ ಹಾಗೆ ಅಲ್ಲ ಅದು. ಚರ್ಮದ ಚೀಲಕ್ಕೆ ಹಗ್ಗ ಕಟ್ಟಿ ರಾಟೆ ಮೇಲೆ ಹಾಯಿಸಿ, ಜೋಡಿ ಎತ್ತು ಇಳಿಜಾರಿನಲ್ಲಿ ಕೆಳಗೆ ನಡೆದರೆ ಚೀಲ ಮೇಲೆ ಬರುತ್ತದೆ. ಏತಕ್ಕಿಂತ ಇದೇ ವಾಸಿ ಅಂತ ಅಲ್ಲಿನ ಆಳುಗಳು ಅವನಿಗೆ ಹೇಳಿದ್ದರು. ಎತ್ತಿಗೆ ಹುಲ್ಲು ಹಾಕುವವ ಇಲ್ಲದಿದ್ದರೆ ಕಪಿಲೆ ನಿಂತಿತು, ಕಪಿಲೆ ನಿಂತರೆ ಬೇಸಿಗೆಯಲ್ಲಿ ಗುಲಾಬಿ ಉಳಿಯುತ್ತದಾ?

ಆಮೇಲೆ ತೋಟ ಕೈಯಿಂದ ಕೈಗೆ ಹೋಯಿತು. ಮೇಜರ್ ವಾ ಎಂಬವನ ಕೈಗೆ, 1819ರಲ್ಲಿ ಕಂಪೆನಿಗೆ; ಮೇಲ್ವಿಚಾರಣೆ ಎಲ್ಲೋ ಕಲ್ಕತ್ತದ ವಾಲಿಚ್‌ನದ್ದು. 1836ರಲ್ಲಿ ಕೃಷಿ-ತೋಟಗಾರಿಕೆ ಸೊಸೈಟಿಗೆ ಕೊಟ್ಟರು. 1842ಕ್ಕೆ ಆ ಸೊಸೈಟಿಯೇ ಮುಚ್ಚಿತು. 1856ರಲ್ಲಿ ಸರ್ಕಾರಿ ತೋಟ ಅಂತ ಮಾಡಿ, 1858ರಲ್ಲಿ ಇಂಗ್ಲೆಂಡಿನ ಕ್ಯೂ ತೋಟದಲ್ಲಿ ಕಲಿತ ವಿಲಿಯಂ ನ್ಯೂ ಎಂಬವರನ್ನು ಕರೆಸಿದರು. ನನ್ನ ಲೆಕ್ಕದಲ್ಲಿ ಲಾಲ್‌ಬಾಗಿನ ಎರಡನೇ ಹುಟ್ಟು ಅದು. ಯಾಕೆಂದರೆ ಆಮೇಲೆ ಬಂದವರು ಕೂತು ಕೆಲಸ ಮಾಡಿದರು. ಜಾನ್ ಕ್ಯಾಮರೂನ್ 1874ರಿಂದ 1908ರವರೆಗೆ, 34 ವರ್ಷ. ಅವರ ನಂತರ ಕ್ರುಂಬಿಗಲ್, 1932ರವರೆಗೆ. ಗಾಜಿನ ಮನೆ ಕ್ಯಾಮರೂನ್ ಕಾಲದ್ದು. ಸೀಮೆಬದನೆ ತಂದದ್ದೂ ಅವರೇ. (ನಮ್ಮ ಮನೆಯವಳಿಗೆ ಅದರ ಸಾಂಬಾರು ಇಷ್ಟ, ನನಗೆ ಅಷ್ಟಕ್ಕಷ್ಟೆ.) ಈಗ ತೋಟ 240 ಎಕ್ರೆ.

ಇಷ್ಟು ಹೇಳಲಿಕ್ಕೆ ಕಾರಣ ಉಂಟು. 2019ರ ಆಗಸ್ಟಿನ ನೆರೆಯಲ್ಲಿ ಚಾರ್ಮಾಡಿ ಕಡೆಯ ತೋಟಗಳಿಗೆ ಮರಳು, ಮರದ ದಿಮ್ಮಿ ನುಗ್ಗಿದ್ದು ನಿಮಗೆ ನೆನಪಿರಬಹುದು. ನನ್ನ ಕೆಳಗಿನ ತೋಟವೂ ಹೋಯಿತು, ಅಜ್ಜ ಮಾಡಿದ್ದು. ಮರುವರ್ಷವೇ ಸಸಿ ನೆಟ್ಟೆ. ಅರ್ಧ ಕೊಳೆಯಿತು, ಉಳಿದದ್ದು ಒಣಗಿತು. ಆಮೇಲೆ ಆ ಬದಿಗೆ ಹೋಗುವುದನ್ನೇ ಬಿಟ್ಟೆ. ಮಗ ಮಾರುವ ಅಂತಾನೆ.

ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ನಾನು ನೀರಿನ ದಾರಿ ಸರಿ ಮಾಡದೆ ಗಿಡ ನೆಟ್ಟದ್ದು. ಅಜ್ಜನ ಕಣಿಗಳು ಎರಡಡಿ ಮರಳಿನ ಅಡಿಯಲ್ಲಿ ಹಾಗೇ ಉಂಟು. ಈ ವರ್ಷ ಸಸಿ ಇಲ್ಲ, ಕಣಿ ಮಾತ್ರ. ಎರಡು ವರ್ಷ ಕೊಡು ಅಂತ ಮಗನ ಹತ್ತಿರ ಕೇಳಿದ್ದೇನೆ. ಅವ ಇನ್ನೂ ಹೂಂ ಅಂದಿಲ್ಲ. ಸೋಮವಾರ ಜೆಸಿಬಿ ಬರುತ್ತದೆ.